ಮುದುಕಪ್ಪನವರ ಸರದಿ

ಸಂಜೆ ಆರೂವರೆ. ಸಿಂಧನೂರಿನ ಗೆಳೆಯರ ಷಟಲ್ ಕ್ಲಬ್ಬಿನ ಸಮಿತಿ ಸಭೆಗೆ ಸಮಿತಿ ಸದಸ್ಯರು ಐವರು ಬಂದಿದ್ದರು. ಮಾಜಿ ಅಧ್ಯಕ್ಷರು ಒಂಬತ್ತು ಮಂದಿ.

ಈ ಕ್ಲಬ್ಬಿನಲ್ಲಿ ಅಧ್ಯಕ್ಷಗಿರಿ ವರ್ಷಕ್ಕೊಬ್ಬರಿಗೆ. ಇಳಿದವರಿಗೆ ಸಮಿತಿಯಲ್ಲಿ ಮತ ಹಾಕುವ ಹಕ್ಕಿಲ್ಲ, ಮಾತಾಡುವ ಹಕ್ಕಿದೆ. ಆ ಹಕ್ಕನ್ನು ಅವರು ಯಾವ ಸಭೆಯಲ್ಲೂ ಬಿಟ್ಟುಕೊಟ್ಟವರಲ್ಲ. ಚರ್ಚೆಗೆ ಮುಂಚೆ ‘ಹಿರಿಯರ ಎರಡು ಮಾತು’. ಅದು ಹೋದ ವರ್ಷ ಇಳಿದವರಿಂದ ಶುರುವಾಗಿ ಕಡೆಗೆ ಸ್ಥಾಪಕ ಅಧ್ಯಕ್ಷ ಮುದುಕಪ್ಪನವರಿಗೆ ಬರುತ್ತಿತ್ತು. ಮಾತು ಮುಗಿಸಿದವರ ಮುಂದೆ ಮಿರ್ಚಿ ಭಜಿಯ ತಟ್ಟೆ ಬರುತ್ತಿತ್ತು. ಮುದುಕಪ್ಪನವರು ಮಾತಾಡಿದ ಮೇಲೆ ಮಾಜಿಗಳ್ಯಾರೂ ಬಾಯಿ ತೆರೆಯುವಂತಿರಲಿಲ್ಲ. ಅದು ಬರೆದಿಟ್ಟ ನಿಯಮವಲ್ಲ, ಮರ್ಯಾದೆ.

ಅಮರೇಶ್ವರಿ ಕ್ಲಬ್ಬಿನ ಮೊದಲ ಮಹಿಳಾ ಅಧ್ಯಕ್ಷೆ. ಅವಳಿಗೆ ಆಗಬೇಕಾಗಿದ್ದದ್ದು ಒಂದೇ ಠರಾವು: ಎರಡು ಕೋರ್ಟುಗಳಲ್ಲಿ ಒಂದನ್ನು ದಿನಾ ಸಂಜೆ ಹೆಂಗಸರಿಗೆ ಬಿಡಬೇಕು. ಹಿಂದಿನ ಎರಡು ಸಭೆಗಳಲ್ಲೂ ಹಿರಿಯರ ಮಾತು ಮುಗಿದು ಆ ವಿಷಯ ಬರುವ ಹೊತ್ತಿಗೆ ಸಮಿತಿ ಸದಸ್ಯೆ ಗೌಸಿಯಾ ಬಸ್ಸಿಗೆಂದು ಎದ್ದು ಹೋಗಿದ್ದಳು. ಮಸ್ಕಿಯಿಂದ ಬಂದು ಇಲ್ಲಿಯ ಶಾಲೆಯಲ್ಲಿ ಕಲಿಸುವ ಅವಳು ಎದ್ದರೆ ಸಮಿತಿಯಲ್ಲಿ ಉಳಿಯುವವರು ನಾಲ್ವರು. ಐವರಿಲ್ಲದೆ ಠರಾವಿಲ್ಲ. ಇಂದಿನದು ಅಮರೇಶ್ವರಿಯ ಅವಧಿಯ ಕೊನೆಯ ಸಭೆ.

“ಅಕ್ಕಾ, ಏಳೂವರಿ ಬಸ್ ತಪ್ಪಿದ್ರ ಮುಂದಿನ ಬಸ್ ಯಾವಾಗಂತ ಡಿಪೋದವರಿಗೂ ಗೊತ್ತಿರಂಗಿಲ್ಲ,” ಎಂದು ಗೌಸಿಯಾ ಕಿವಿಯಲ್ಲಿ ಹೇಳಿದಳು.

ಹೋದ ವರ್ಷದ ಅಧ್ಯಕ್ಷ ಗೋಪಣ್ಣ ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. “ನಾ ಬರೇ ಎರಡ ಮಾತು ಹೇಳಿ ಕುಂದರತೀನಿ.”

“ಹ್ವಾದ ಸಲ ನಿಮ್ಮ ಎರಡು ಮಾತಿಗೆ ಎರಡು ತಂಬಿಗಿ ನೀರು ಖರ್ಚಾಗ್ಯಾವ್ರೀ,” ಎಂದ ಕಾರ್ಯದರ್ಶಿ ವಿರೇಶ.

ಅಮರೇಶ್ವರಿ ಸಾಲಿನ ತುದಿಗೆ ನೋಡಿದಳು. ಮುದುಕಪ್ಪನವರು ಅಡುಗೆ ಕೋಣೆಯ ಬಾಗಿಲನ್ನೇ ನೋಡುತ್ತ ಕೂತಿದ್ದರು. ಒಳಗೆ ಎಣ್ಣೆ ಚುರುಗುಡುತ್ತಿತ್ತು. ಅವಳು ಎದ್ದು ನಿಂತಳು.

“ಗೋಪಣ್ಣೋರ, ತಡೀರಿ. ಕ್ಲಬ್ ಕಟ್ಟಿದೋರನ್ನ ಕಡೀಕ ಕುಂದರಿಸಿ ನಾವು ಮೊದಲು ಮಾತಾಡೋದು ಛಂದೇನ್ರಿ? ಇವತ್ತು ಮುದುಕಪ್ಪ ಕಾಕಾ ಮೊದಲು ಮಾತಾಡ್ಲಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಬೇಡ ಅನ್ನಲು ಯಾರಿಗೆ ಬಾಯಿ ಬಂದೀತು? ಗೋಪಣ್ಣನೂ ತಟ್ಟಿದರು; ತಟ್ಟುತ್ತಿದ್ದ ಹಾಗೇ ವಿಷಯ ತಲೆಗೆ ಹೊಳೆದು, ಕೈ ನಿಂತಿತು.

ಮುದುಕಪ್ಪನವರು ಕೋಲು ಊರಿ ಎದ್ದರು. “ಯವ್ವಾ, ನನ್ನ ಮಾತಾದ ಮ್ಯಾಲೆ ಇವರ್ಯಾರೂ ಮಾತಾಡಂಗಿಲ್ಲ. ಗೊತ್ತೈತೇನು ನಿನಗ?”

“ಗೊತ್ತೈತ್ರಿ, ಕಾಕಾ.”

ಮುದುಕ ಸಿಟ್ಟಾಗಿ ಕೂತುಬಿಟ್ಟರೆ ಠರಾವಿನ ಕತೆ ಮುಗಿಯಿತು ಎಂದುಕೊಂಡಳು ಅಮರೇಶ್ವರಿ. ಮುದುಕಪ್ಪನವರ ಹೊಟ್ಟೆ ಕುಲುಕತೊಡಗಿತು. ಅವರು ನಗುತ್ತಿದ್ದರು.

“ಭಾರಿ ಶಾಣ್ಯಾಕಿ ಅದಿ ಬಿಡು. ಇವರ ಭಾಷಣ ಮುಗಿಯೋತನಕ ಕುಂತು ಕುಂತು, ಇಷ್ಟು ವರ್ಷ ನಾ ತಣ್ಣಗಿನ ಮಿರ್ಚಿನ ತಿಂದೀನಿ. ಜಾಲಿ ಕಡದು ಕೋರ್ಟ್ ಮಾಡಿದ್ದು ಆಡಾಕ. ಹೆಣ್ಮಕ್ಕಳು ಬರ್ತೀವಿ ಅಂದ್ರ ಬ್ಯಾಡ ಅನ್ನಾಕ ನಾವ್ಯಾರು? ಇಷ್ಟ ನನ್ನ ಮಾತು. ವಿರೇಶಾ, ಮಿರ್ಚಿ ಬಿಸಿ ಅದಾವೇನಲೇ?”

“ಹೊಗಿ ಆಡಾಕತ್ತಾವ್ರೀ!”

“ಯಜಮಾನ್ರ, ನಂದೊಂದು ಸಣ್ಣ ಮಾತಿತ್ತು...” ಎಂದರು ಗೋಪಣ್ಣ.

“ಬಾಯಿ ತೆರೀಬೇಕು ಅನಸ್ತಾದೇನು? ತೆರಿ,” ಎಂದು ಮುದುಕಪ್ಪನವರು ಆಗಷ್ಟೇ ಮುಂದೆ ಬಂದ ತಟ್ಟೆಯಿಂದ ಒಂದು ಮಿರ್ಚಿ ಎತ್ತಿ ಕೊಟ್ಟರು.

ಠರಾವಿಗೆ ಐವರೂ ಕೈ ಎತ್ತಿದರು. ಸದಸ್ಯ ನರಸಣ್ಣನ ಕೈಯಲ್ಲಿ ಅರ್ಧ ಮಿರ್ಚಿ ಇತ್ತು. ಆ ಕೈಯನ್ನೂ ಲೆಕ್ಕಕ್ಕೆ ಹಿಡಿಯಲಾಯಿತು. ಗೌಸಿಯಾ ಪೇಪರಿನಲ್ಲಿ ನಾಲ್ಕು ಮಿರ್ಚಿ ಕಟ್ಟಿಸಿಕೊಂಡು ಹೋಗಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದಳು.

ಮುಂದಿನ ತಿಂಗಳ ಸಭೆಗೆ ಅಮರೇಶ್ವರಿ ಮಾಜಿಗಳ ಸಾಲಿನಲ್ಲಿ ಕೂತಳು. ಕೋರ್ಟಿನ ದೀಪಗಳ ಬಗ್ಗೆ ಅವಳು ಹೇಳಬೇಕಾದದ್ದು ಬಹಳ ಇತ್ತು. ಹೊಸ ಪದ್ಧತಿಯಂತೆ ಮುದುಕಪ್ಪನವರು ಮೊದಲು ಮಾತಾಡಿ ತಟ್ಟೆಗೆ ಕೈ ಹಾಕಿದರು. ಅಮರೇಶ್ವರಿಗೆ ಮಾತಾಡುವ ಅವಕಾಶ ಸಿಗಲಿಲ್ಲ. ಅವಳು ಬ್ಯಾಟು ಎತ್ತಿಕೊಂಡು ಹೆಂಗಸರಿಗೆ ಬಿಟ್ಟಿದ್ದ ಎರಡನೇ ಕೋರ್ಟಿಗೆ ಹೋದಳು.