ನಕ್ಷತ್ರದ ಸೆಲ್ಲು

ಕ್ರಿಸ್‌ಮಸ್ ರಜೆ ಬಿಡುವ ದಿನ ಮೇಘಾಳಿಗೆ ಶಾಲೆಯಲ್ಲಿ ಒಂದು ಪ್ಲಾಸ್ಟಿಕ್ ನಕ್ಷತ್ರ ಕೊಟ್ಟಿದ್ದರು. ಒತ್ತಿದರೆ ಮಿನುಗುತ್ತ ಹಾಡುತ್ತಿತ್ತು. ಮೊಳಕಾಲ್ಮೂರಿನ ಆ ನೇಕಾರರ ಮನೆಯಲ್ಲಿ ಎರಡು ದಿನ ಎಲ್ಲರ ತಲೆ ತಿಂದು, ಕ್ರಿಸ್‌ಮಸ್ ದಿನ ಬೆಳಿಗ್ಗೆ ಸುಮ್ಮನಾಯಿತು. ಮೇಘಾಳ ತಾಯಿ ಶಶಿರೇಖಾ ತಿರುಗಿಸಿ ನೋಡಿದಳು. ಹಿಂದಿನ ಮುಚ್ಚಳ ಕಿತ್ತುಹೋಗಿತ್ತು, ಒಳಗೆ ನಾಣ್ಯದಂಥ ಸೆಲ್ಲು ಇರಲಿಲ್ಲ. ಪಕ್ಕದಲ್ಲೇ ಅವಳ ಒಂದೂವರೆ ವರ್ಷದ ಮಗ ಗೋಪಿ ಬಾಯಿ ಚಪ್ಪರಿಸುತ್ತ ಕೂತಿದ್ದ.

ಅದನ್ನು ನುಂಗಿದರೆ ಕೆಲವೇ ಗಂಟೆಗಳಲ್ಲಿ ಒಳಗೆಲ್ಲ ಸುಡುತ್ತದೆ ಎಂದು ಅವಳು ಅಂಗನವಾಡಿಯಲ್ಲಿ ಕೇಳಿದ್ದಳು. ಗೋಪಿಯ ಬಾಯಿಗೆ ಬೆರಳು ಹಾಕಿ ತಡಕಿ, ಸೆಲ್ಲು ನುಂಗಿಬಿಟ್ಟಿದ್ದಾನೆ ಎಂದು ಕೂಗಿಕೊಂಡಳು.

ಮಾವ ವೆಂಕಟಪ್ಪ, ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿಯಿಂದ ಎದ್ದು ಬಂದರು. "ಒಂದು ಬಾಳೆಹಣ್ಣು ತಿನ್ಸಮ್ಮ, ಕೆಳಗಿಳಿದು ಹೋಗ್ತೈತೆ."

"ಏನೂ ತಿನ್ಸಬಾರ್ದು ಮಾವ. ಎಕ್ಸ್-ರೇ ತೆಗೆಸ್ಬೇಕು, ನಡೀರಿ."

ಮೇಘಾಳನ್ನು ಎದುರುಮನೆಯಲ್ಲಿ ಬಿಟ್ಟು, ಆ ಮನೆಯ ಮಹಾಂತೇಶನ ಕಾರಿನಲ್ಲೇ ಚಳ್ಳಕೆರೆಗೆ ಹೊರಟರು. ದಾರಿಯುದ್ದಕ್ಕೂ ವೆಂಕಟಪ್ಪ ಸೊಸೆಯನ್ನು ಬಿಡಲಿಲ್ಲ. "ಮಕ್ಕಳಿರೋ ಮನೆಯಾಗೆ ಇಂಥವು ಯಾಕಮ್ಮ ಇಟ್ಕೊಂಡೆ? ನಮ್ಮಪ್ಪನ ಕಾಲದಿಂದ ಮನೇಲಿ ಮಗ್ಗ ಐತೆ, ಒಂದು ಮಗೂಗೂ ಏನೂ ಆಗಿಲ್ಲ." ತಪ್ಪು ಹುಡುಕುವುದರಲ್ಲಿ ಅವರದು ಪಳಗಿದ ಕೈ. ಶಶಿರೇಖಾ ಮಗುವಿನ ಉಸಿರನ್ನೇ ನೋಡುತ್ತಿದ್ದಳು.

ಎಕ್ಸ್-ರೇಯಲ್ಲಿ ಏನೂ ಇರಲಿಲ್ಲ. ಡಾಕ್ಟರು ಅಂಥದೇ ಒಂದು ಸೆಲ್ಲನ್ನು ಅಂಗೈಲಿಟ್ಟು ತೋರಿಸಿ, "ಇದು ಒಳಗಿದ್ದಿದ್ರೆ ಕಾಣ್ತಿತ್ತು. ಮನೇಲೇ ಹುಡುಕಿ" ಎಂದರು. ಶಶಿರೇಖಾ ಅತ್ತುಬಿಟ್ಟಳು. ವೆಂಕಟಪ್ಪ ಆ ಅಂಗೈಯನ್ನೇ ನೋಡುತ್ತ ನಿಂತರು.

ಮನೆಗೆ ಬಂದವರೇ ವೆಂಕಟಪ್ಪ ಮಗ್ಗದ ಹಿಂದೆ ಹೋದರು. ನೇಯುವಾಗ ಹರಿದ ಎಳೆಗೆ ಹೊಸ ಎಳೆ ಸೇರಿಸಿದರೆ, ಅದು ಸಡಿಲಾಗದಂತೆ ತುದಿಗೆ ಏನಾದರೂ ತೂಕ ಕಟ್ಟಿ ಇಳಿಬಿಡುತ್ತಾರೆ. ನಟ್ಟು, ಸವೆದ ನಾಣ್ಯ, ಕೈಗೆ ಸಿಕ್ಕಿದ್ದೆಲ್ಲ ಅಲ್ಲಿ ನೆಲದಿಂದ ಗೇಣು ಮೇಲೆ ತೂಗುತ್ತಿತ್ತು. ಅವುಗಳ ನಡುವೆ ಹೊಸದೊಂದು ಬಟ್ಟೆಗಂಟು. ವೆಂಕಟಪ್ಪ ಅದನ್ನು ಬಿಚ್ಚಿ ಸೆಲ್ಲನ್ನು ಸೊಸೆಯ ಮುಂದೆ ಹಿಡಿದರು.

"ಬೆಳಿಗ್ಗೆ ನೆಲದ ಮೇಲೆ ಸಿಕ್ತಮ್ಮ. ಏನೋ ಬಿಲ್ಲೆ, ತೂಕಕ್ಕಾಗ್ತೈತೆ ಅಂತ ನಾನೇ ಕಟ್ಟಿದ್ದೆ."

ದಾರಿಯಲ್ಲಿ ನುಂಗಿಕೊಂಡ ಮಾತೆಲ್ಲ ಶಶಿರೇಖಾಳ ನಾಲಿಗೆಗೆ ಬಂತು. ಅಷ್ಟರಲ್ಲಿ ಕೆಳಗೆ ಕಣ್ಣು ಹೋಯಿತು. ಗೋಪಿ ಮಗ್ಗದ ಹಿಂದೆ ತೆವಳಿಕೊಂಡು ಹೋಗಿ ಕೂತಿದ್ದ. ಅವನ ಬಾಯಿಂದ ಒಂದು ರೇಷ್ಮೆ ಎಳೆ ಮೇಲಕ್ಕೆ ಹೋಗಿತ್ತು.

ವೆಂಕಟಪ್ಪ ಎಳೆ ಹಿಡಿದು ಮೆಲ್ಲಗೆ ಎಳೆದರು. ಎಂಜಲಾದ ನಟ್ಟು ಹೊರಗೆ ಬಂತು.

ಶಶಿರೇಖಾ ಕತ್ತರಿ ತಂದು ಮಾವನ ಕೈಗೆ ಕೊಟ್ಟಳು. ಅವರು ತೂಕಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ಡಬ್ಬಕ್ಕೆ ಹಾಕಿದರು. ಅರ್ಧ ನೇಯ್ದ ಸೀರೆಯ ಎಳೆಗಳು ಜೋತುಬಿದ್ದವು.