ಪೀಚ್ ಮರಕ್ಕೆ ಹಾಕಿದ ಮದ್ದು

ನೀಲಗಿರಿಯ ಅರವಂಕಾಡಿನಲ್ಲಿ ಯಾರಾದರೂ ‘ಮದ್ದು’ ಎಂದರೆ ಯಾವ ಮದ್ದು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಅಲ್ಲಿನ ಕಾರ್ಖಾನೆಯಲ್ಲಿ ತೋಪು ಬಂದೂಕಿಗೆಂದು ತಯಾರಾಗುವುದೂ ಮದ್ದು, ಡಾಕ್ಟರು ಬಾಟಲಿಗೆ ಸುರಿದು ಕೊಡುವುದೂ ಮದ್ದು, ಆಗದವರ ಅನ್ನದಲ್ಲಿ ಕಲಸುವುದೂ ಮದ್ದು. ಸಿದ್ದಾಜಮ್ಮ ಕೇಳಿಕೊಳ್ಳಲಿಲ್ಲ. ಗುಂಡ್ಲುಪೇಟೆ ಬಿಟ್ಟು ಬೆಟ್ಟ ಹತ್ತಿ ಇಪ್ಪತ್ತು ವರ್ಷವಾಗಿದ್ದರೂ, ಆ ಮಾತು ಕಿವಿಗೆ ಬಿದ್ದರೆ ಆಕೆಗೆ ಮೊದಲು ನೆನಪಾಗುತ್ತಿದ್ದುದು ಮೂರನೆಯದೇ.

ಸಾವಿರದ ಒಂಬೈನೂರ ಇಪ್ಪತ್ತಾರರ ಮಾರ್ಗಶಿರ. ಆರು ತಿಂಗಳ ಹಿಂದೆ ಮನೆ ತುಂಬಿದ ಸೊಸೆ ಬಂಗಾರಮ್ಮ ಹಿತ್ತಿಲ ಬಾಗಿಲಲ್ಲಿ ಗಂಡನಿಗೆ ಹೇಳುತ್ತಿದ್ದಳು: “ಇನ್ನು ತಡ ಮಾಡಿದ್ರೆ ಆಗಲ್ಲ. ಮುದಿ ಜೀವ. ಈ ವಾರದಲ್ಲೇ ಮದ್ದು ಹಾಕಿಬಿಡ್ಬೇಕು.”

ಕಾರ್ಖಾನೆಯ ಉಗ್ರಾಣದ ಗುಮಾಸ್ತ ಕಾಳಯ್ಯ ರುಮಾಲು ಸುತ್ತುತ್ತ, “ಅವ್ವನಿಗೆ ಹೇಳ್ಬೇಡ, ಸುಮ್ನೆ ರಂಪ” ಎಂದ.

ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದ ಸಿದ್ದಾಜಮ್ಮನ ಕೈ ನಿಂತಿತು. ಮನೆಯಲ್ಲಿದ್ದ ಮುದಿ ಜೀವ ಒಂದೇ. ಅಂದಿನಿಂದ ಆಕೆ ತನ್ನ ಅಡಿಗೆಯನ್ನು ಬೇರೆ ಪಾತ್ರೆಯಲ್ಲಿ ತಾನೇ ಬೇಯಿಸಿಕೊಂಡಳು; ನೀರಿನ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಓಡಾಡಿದಳು.

ಹಿತ್ತಿಲಲ್ಲಿ ಇನ್ನೊಂದು ಮುದಿ ಜೀವವಿತ್ತು. ಸೊಸೆ ಹೇಳಿದ್ದು ಅದರ ಮಾತು. ಸಿದ್ದಾಜಮ್ಮ ಕೂನೂರಿನ ಯಾವನೋ ದೊರೆಯ ಬೇಲಿಯಿಂದಾಚೆ ಉರುಳಿಬಿದ್ದ ಹಣ್ಣನ್ನು ತಿಂದು (ಉರುಳಿಬಿತ್ತು ಎಂಬುದು ಆಕೆಯ ಹೇಳಿಕೆ), ಗೊರಟೆಯನ್ನು ಸೆರಗಿನ ತುದಿಗೆ ಕಟ್ಟಿ ತಂದು ತಾನೇ ನೆಟ್ಟಿದ್ದ ಹದಿನಾಲ್ಕು ವರ್ಷದ ಪೀಚ್ ಮರ; ಪೀಚಿಗೆ ಅದು ಮುಪ್ಪೇ. ಈಚೆಗೆ ಮೂರು ವರ್ಷ ಅದಕ್ಕೆ ಒಂದೇ ಗತಿ: ಚಿಗುರಿದ ಎಲೆಯೆಲ್ಲ ಕೆಂಪಾಗಿ, ಗುಳ್ಳೆ ಎದ್ದು, ಸುರುಟಿಕೊಂಡು ಉದುರುವುದು, ಹಿಂದೆಯೇ ಕಾಯಿಯೂ. “ಹೆಸರಿಗೆ ತಕ್ಕ ಹಾಗೆ ಪೀಚುಕಾಯಲ್ಲೇ ನಿಂತುಬಿಡುತ್ತೆ” ಎಂದು ಕಾಳಯ್ಯ ನಗುತ್ತಿದ್ದ. ಈ ಸಲವೂ ಹಣ್ಣು ಬಿಡದಿದ್ದರೆ ಕಡಿದು, ಆ ಜಾಗಕ್ಕೆ ಉರುಳಗಡ್ಡೆ ಹಾಕುತ್ತೇನೆಂದಿದ್ದ. ಆಗ ಮಾತ್ರ ನಕ್ಕಿರಲಿಲ್ಲ.

ಎರಡು ದಿನ ಬಿಟ್ಟು ಸೌದೆಯ ಹಿಂದೆ ಒಂದು ಪೊಟ್ಟಣ ಸಿಕ್ಕಿತು. ಒಳಗೆ ನವಿಲಿನ ಕತ್ತಿನ ಬಣ್ಣದ ಹರಳು. ದಿನಾ ಮಜ್ಜಿಗೆಗೆ ಬರುವ ಪಕ್ಕದ ಬಡಗರ ನಂಜಿಗೆ ಸಿದ್ದಾಜಮ್ಮ ಅದನ್ನು ಬಿಚ್ಚಿ ತೋರಿಸಿದಳು.

“ಮೈಲುತುತ್ತ ಅಕ್ಕ. ನಮ್ಮ ಹಟ್ಟೀಲಿ ದನದ ಹುಣ್ಣಿಗೆ ಹಚ್ತಾರೆ. ತಿಂದ್ರೆ ಕರುಳು ಬಾಯಿಗೆ ಬರುತ್ತೆ.”

“ತಿನ್ನೋಕೆ ನಾನೇನು ಬಾಯಿ ತೆಗೆದು ಕೂತಿದ್ದೀನಾ?”

“ನೀವು ಬಾಯಿ ಮುಚ್ಚಿ ಕೂತದ್ದ ನಾ ಕಂಡಿಲ್ಲ ಅಕ್ಕ.”

ಸಿದ್ದಾಜಮ್ಮ ಪೊಟ್ಟಣವನ್ನು ಇದ್ದಲ್ಲೇ ಇಟ್ಟಳು. ಸೊಸೆಯನ್ನು ಹಿಡಿದರೆ ಅದು ಅವಳ ಕೈಯಲ್ಲಿದ್ದಾಗಲೇ ಹಿಡಿಯಬೇಕು. ಸೋಮವಾರ ಮಗ ಕೆಲಸಕ್ಕೆ ಹೋದ ಮೇಲೆ, ಅಂಗಡಿಗೆ ಹೋಗಿಬರುತ್ತೇನೆಂದು ಹೊರಟು, ಬೇಲಿ ಬಳಸಿ ಹಿತ್ತಿಲಿಗೆ ಬಂದು ನಿಂತಳು.

ಸೊಸೆ ಒಂದು ಮಡಕೆಯ ನೀಲಿ ನೀರನ್ನೂ ಇನ್ನೊಂದರ ಸುಣ್ಣದ ನೀರನ್ನೂ ಮೂರನೆಯದಕ್ಕೆ ಸುರಿದಳು. ಕುಡುಗೋಲಿನ ತುದಿಯನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಕಾದು ಎತ್ತಿದಳು. ತುದಿ ಕೆಂಪಾಗಿತ್ತು. “ಸಾಲದು” ಎಂದುಕೊಂಡು ಇನ್ನಷ್ಟು ಸುಣ್ಣ ಸುರಿದು ಮತ್ತೆ ಅದ್ದಿದಳು. ಈ ಸಲ ಏನೂ ಹತ್ತಲಿಲ್ಲ. ಆಮೇಲೆ ಪೊರಕೆಯನ್ನು ಅದ್ದಿ ಅದ್ದಿ ಬೋಳು ಕೊಂಬೆಗಳಿಗೆ ಬಳಿಯತೊಡಗಿದಳು. ಮೂಡಲ ಕಡೆಯ ಕೊಂಬೆಗಳೆಲ್ಲ ತಿಳಿನೀಲಿಯಾದವು.

“ನಿಲ್ಸೇ. ನನಗೆ ಹಾಕೋಕೆ ಮುಂಚೆ ನನ್ನ ಮರದ ಮೇಲೆ ಪರೀಕ್ಷೆಯಾ?”

“ನಿಮಗಾ? ಅತ್ತೆ, ಇದು ಮರಕ್ಕೇ. ಗೂಡಲೂರಲ್ಲಿ ನಮ್ಮಪ್ಪ ಕಾಫಿ ಗಿಡಕ್ಕೆ ಇದನ್ನೇ ಹೊಡೆಸ್ತಾರೆ. ಮೊಗ್ಗು ಊದೋಕೆ ಮುಂಚೆ ಹಾಕ್ಬೇಕು. ಎಲೆ ಸುರುಟಿದ ಮೇಲೆ ಹಾಕಿದ್ರೆ ದಂಡ.”

“ಕುಡುಗೋಲು ಯಾಕೆ ರಕ್ತ ಕಾರಿತು?”

“ರಕ್ತ ಅಲ್ಲ, ತಾಮ್ರ. ಸುಣ್ಣ ಸಾಲದಿದ್ರೆ ಕಬ್ಬಿಣಕ್ಕೆ ಹತ್ತುತ್ತೆ. ಹಾಗೇ ಹಾಕಿದ್ರೆ ಕೊಂಬೆ ಸುಡುತ್ತೆ.”

ಉತ್ತರ ಇಷ್ಟು ಬೇಗ ಬರುವವರನ್ನು ಸಿದ್ದಾಜಮ್ಮ ಎಂದೂ ನಂಬಿದವಳಲ್ಲ. ಮಡಕೆಯಲ್ಲಿ ಉಳಿದದ್ದನ್ನು ಬೇಲಿಯ ಬುಡಕ್ಕೆ ಚೆಲ್ಲಿದಳು. ಸಂಜೆ ಕಾಳಯ್ಯ, “ಅದನ್ನ ಕೂನೂರಿಂದ ತಂದದ್ದು ನಾನೇ ಅವ್ವ” ಎಂದ.

“ನೀನೂ ಸೇರಿದ್ದೀಯ ಅಂತ ಗೊತ್ತಿತ್ತು.”

ಮರುದಿನದಿಂದ ಮರದ ಪಡುವಲ ಕಡೆ ಮಣೆ ಹಾಕಿಕೊಂಡು, ಕಂಬಳಿ ಹೊದ್ದು, ಹಗಲಿಡೀ ಕಾವಲು ಕೂತಳು. ಇನ್ನೊಂದು ಹನಿ ಬೀಳಲು ಬಿಡಲಿಲ್ಲ.

ಹೂವು ಎರಡೂ ಕಡೆ ಒಂದೇ ಸಮನೆ ಬಂತು. ಎಲೆ ಬಂದಾಗ ಮಾತ್ರ ಮರ ಎರಡು ಪಾಲಾಯಿತು. ಪಡುವಲಲ್ಲಿ ಕೆಂಪು ಗುಳ್ಳೆ, ಸುರುಟಿದ ಎಲೆ. ಮೂಡಲಲ್ಲಿ ಬಾಚಿಟ್ಟಂತೆ ಹಸಿರು. ಪೊರಕೆ ಎಲ್ಲಿ ನಿಂತಿತ್ತೋ ಅಲ್ಲೇ ಗಡಿ. ಸೊಸೆ ಕದ್ದು ಪಡುವಲ ಕಡೆಗೆ ಏನಾದರೂ ಮಾಡಿರಬಹುದೇ ಎಂದು ಸಿದ್ದಾಜಮ್ಮ ಯೋಚಿಸಿದಳು. ಆದರೆ ಆ ಕಡೆ ಕಾವಲು ಕೂತವಳು ತಾನೇ. ಅನುಮಾನಿಸಲು ಉಳಿದದ್ದು ಒಬ್ಬರೇ, ಅವರನ್ನು ಅನುಮಾನಿಸಿ ಆಕೆಗೆ ಅಭ್ಯಾಸವಿರಲಿಲ್ಲ.

ಮೇ ಕಳೆಯುವ ಹೊತ್ತಿಗೆ ಮೂಡಲ ಕೊಂಬೆಗಳು ಹಣ್ಣಿನ ಭಾರಕ್ಕೆ ಬಾಗಿದವು. ಕಾಳಯ್ಯ ಕೊಡಲಿ ಹಿಡಿದು ಮರವನ್ನು ಒಂದು ಸುತ್ತು ಬಂದು, “ಅರ್ಧ ಮರ ಕಡಿಯೋಕೆ ನನಗೆ ಬರಲ್ಲ” ಎಂದು ಒಳಗಿಟ್ಟ. ಬಂಗಾರಮ್ಮ ಒಂದು ಹಣ್ಣು ತೊಳೆದು ಹೆಚ್ಚಿ ಮುಂದೆ ಹಿಡಿದಳು.

“ಮೊದಲು ನೀನು ತಿನ್ನು.”

ಸೊಸೆ ತಿಂದಳು. ಒಂದು ಎಲೆ ಅಡಿಕೆ ಜಗಿದು ಮುಗಿಯುವಷ್ಟು ಹೊತ್ತು ಅತ್ತೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಒಂದು ಹೋಳು ಬಾಯಿಗಿಟ್ಟು “ಹುಳಿ” ಎಂದಳು. ಉಳಿದ ಹೋಳುಗಳನ್ನೂ ಮುಗಿಸಿದಳು. ಆ ದಿನ ಒಲೆಯ ಮೇಲೆ ಒಂದೇ ಪಾತ್ರೆ ಕೂತಿತು.

ಮುಂದಿನ ಮಾರ್ಗಶಿರದಲ್ಲಿ ಎಲೆ ಉದುರಿದ ಕೂಡಲೇ ಸಿದ್ದಾಜಮ್ಮ ಹಿತ್ತಿಲಿನಿಂದ ಕೂಗಿ ಹೇಳಿದಳು: “ಬಂಗಾರೀ, ಹೋದ ಸಲದ ಹಾಗೆ ಅರ್ಧಕ್ಕೆ ಬಿಡಬೇಡ. ಈ ಸಲ ಒಂದೂ ಉಳಿಯದ ಹಾಗೆ ಹಾಕಿಬಿಡು. ಮದ್ದು ನಾನೇ ಕಲಸಿ ಕೊಡ್ತೀನಿ.”

ಬೇಲಿಯ ಆಚೆ, ಮಜ್ಜಿಗೆಯ ಚೊಂಬನ್ನು ತುಟಿಗೆತ್ತಿದ್ದ ನಂಜಿ ಅದನ್ನು ಮೆಲ್ಲಗೆ ಕೆಳಗಿಟ್ಟಳು. ಮರುದಿನ ಸಿದ್ದಾಜಮ್ಮ ತಾನಾಗಿಯೇ ಕರೆದರೂ “ಹೊಟ್ಟೆ ತುಂಬಿದೆ ಅಕ್ಕ” ಎಂದು ನಿಲ್ಲದೆ ನಡೆದಳು.

ಹದಿನೈದು ವರ್ಷ ತಪ್ಪದೆ ಮಜ್ಜಿಗೆ ಕುಡಿದ ಹೆಂಗಸು ಇದ್ದಕ್ಕಿದ್ದ ಹಾಗೆ ಬೇಡವೆಂದರೆ ಅವಳ ಮನಸ್ಸಿನಲ್ಲಿ ಏನೋ ಇದೆ ಎಂದು ಸಿದ್ದಾಜಮ್ಮನಿಗೆ ಅನ್ನಿಸಿತು. ಅಂದಿನಿಂದ ಅವಳ ಮೇಲೆ ಒಂದು ಕಣ್ಣಿಟ್ಟಳು.