ಎರಡನೆಯ ದಾರ

ಶೇವಂತಾ ನೆನೆಹಾಕಿದ್ದ ಬೀಡಿ ಎಲೆಗಳನ್ನು ಹಿಂಡಿ ಹಿಂಡಿ ಗೋಣಿತಾಟಿನ ಮೇಲೆ ಸುರಿಯುತ್ತಿದ್ದಳು. ಮನೆಯಲ್ಲಿ ದೊಡ್ಡ ಬೋಗಾಣಿ ಅಂತ ಇದ್ದದ್ದು ಅದೊಂದೇ. ಅದರಲ್ಲೇ ಅತ್ತೆಯ ಮೈ ತೊಳೆಯಲು ನೀರು ಕಾಯಿಸಬೇಕು. ಅತ್ತೆ ಸುಂದರಾ ಬೆಳಗಿನ ಜಾವ ತೀರಿಕೊಂಡಿದ್ದಳು.

"ಇನ್ನ ಎಲಿ ಹಿಂಡಾಕತ್ತಿ ಏನ ಬೇ? ಬೈಯಾಕಿ ಹೋದಳಲ್ಲ," ಎಂದು ಪಕ್ಕದ ಮನೆಯ ಭೀಮಾಬಾಯಿ ಮೂಗು ಒರೆಸಿಕೊಂಡಳು.

ಯಡೂರಿನಿಂದ ಬಂದಿದ್ದ ಸುಂದರಾನ ಅಕ್ಕ ತಾರವ್ವ ಕೇಳಿದಳು: "ಬ್ಯಾನಿ ಏನಂತ ಗೊತ್ತಾತೇನ?"

"ಉಷ್ಣ. ಉಷ್ಣ ಆಗಿತ್ರಿ," ಅಂದ ಸುಂದರಾನ ಗಂಡ ಮಾಯಪ್ಪ, ಹೊಸ್ತಿಲು ನೋಡುತ್ತ.

"ಉಷ್ಣಕ್ಕ ಗುಟುಕ ನೀರೂ ಇಳ್ಯೂದಿಲ್ಲೇನೋ ಮಾರಾಯಾ?"

ಮಾಯಪ್ಪ ಕಟ್ಟಿಗೆ ತರುವ ನೆವದಲ್ಲಿ ಹಿತ್ತಲಿಗೆ ನಡೆದ.

ಹೆಣದ ಕಾಲ್ಬೆರಳು ಕಟ್ಟಲು ಭೀಮಾಬಾಯಿ ಸುಂದರಾನ ಬೀಡಿ ಸುತ್ತುವ ಮೊರದೊಳಗಿನಿಂದ ಕೆಂಪು ದಾರ ಎತ್ತಿಕೊಂಡಳು. "ಏ, ಬರೇ ಗಂಟ! ಇಂಥಾ ದಾರ ಸುತ್ತಿದ್ರ ಕಾರಖಾನಿಯಾಂವ ಬೀಡಿ ಮೋರಿಗೆ ಒಗೀತಾನ."

"ಅದ ಬ್ಯಾಡ ಮಾವಶಿ!" ಶೇವಂತಾ ಒದ್ದೆ ಕೈಯಲ್ಲೇ ಓಡಿಬಂದು ಕಸಿದುಕೊಂಡಳು.

*

ತೊಂಬತ್ತೆರಡರ ದೀಪಾವಳಿಗೆ ಮುಂಚಿನ ಮಾತು. ಮಿರಜಿನ ಡಾಕ್ಟರು "ಹೆಂಗದೀರಿ ಬಾಯಿ?" ಎಂದಾಗಲೆಲ್ಲ ಸುಂದರಾ "ಛಲೋ ಅದೀನ್ರಿ" ಎಂದು ಸೆರಗು ಹೊದೆಯುತ್ತಿದ್ದಳು. ದೊಡ್ಡವರ ಮುಂದೆ ನೋವು ಹೇಳಿಕೊಳ್ಳಲು ನಾಚಿಕೆ. ಮನೆಗೆ ಬಂದು ಬೀಡಿಯ ದಾರ ಹಿಡಿದಳು. ತುತ್ತು ಇಳಿಯದಿದ್ದರೆ ಒಂದು ಗಂಟು. ವಾಂತಿಯಾದರೆ ಜೋಡಿ ಗಂಟು. ನಿದ್ದೆ ಬಂದ ದಿನಕ್ಕೆ ಒಂದು ಬೆರಳಗಲ ಖಾಲಿ ದಾರ.

ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತಿದ್ದ ಸೊಸೆಯಿಂದ ಪತ್ರ ಬರೆಸಿದಳು. "ಸಾಹೇಬರ, ಕೇಳಿದಾಗ ಸುಳ್ಳ ಹೇಳೀನ್ರಿ. ಖರೇದ್ದು ಈ ದಾರದಾಗ ಐತಿ. ಇದ ಯಾವ ಬ್ಯಾನಿ? ಆರಾಮ ಆಕ್ಕೈತೋ ಇಲ್ಲೋ, ಅಷ್ಟ ತಿಳಸ್ರಿ."

ಮಾಯಪ್ಪ ಸೊಸೆಯನ್ನು ಹಿತ್ತಲಿಗೆ ಕರೆದ. "ಹಾಕಬ್ಯಾಡವಾ. ಅವರು ಬ್ಯಾನಿ ಹೆಸರ ಬರದ ಕಳಸ್ತಾರ. ಕೇಳಿದ ದಿನಾನ ಜೀವಾ ಬಿಡ್ತಾಳ."

ಶೇವಂತಾ ಲಕೋಟೆಯನ್ನು ಜೋಳದ ಗಡಿಗೆಯಲ್ಲಿ ಹುಗಿದಿಟ್ಟಳು.

"ಟಪಾಲ ಬಂತೇನ?" ದಿನವೂ ಸುಂದರಾನ ಪ್ರಶ್ನೆ.

"ಇಲ್ರಿ ಅತ್ತಿ."

"ಪಾಪ, ಅವರಿಗೆ ನನ್ನಂಥಾವರ ಎಷ್ಟ ಮಂದೀನೋ." ಹೀಗೆಂದು ಎರಡನೆಯ ದಾರ ಎತ್ತಿಕೊಂಡಿದ್ದಳು.

*

ಗಂಡಸರು ಮಣ್ಣು ಮಾಡಿ ಬಂದರು. ಶೇವಂತಾ ಗಡಿಗೆಗೆ ಕೈ ಹಾಕಿದ್ದನ್ನು ಮಾಯಪ್ಪ ನೋಡಿದ.

"ಈಗ್ಯಾಕವಾ? ಉತ್ತರಾ ಯಾರ ಕೇಳವರು?"

"ಅತ್ತಿ ಕೇಳ್ಯಾರಲ್ರೀ ಮಾವಾ."

ಮಾಯಪ್ಪ ಗಡಿಗೆಯ ಬಾಯಿ ಮುಚ್ಚಿದ. ಆಮೇಲೆ, "ಟಪಾಲ ಚೀಟಿ ಹಚ್ಚೀಯೇನ?" ಅಂದ.

ಹೂಂಗುಟ್ಟಿ, ಎರಡನೆಯ ದಾರವನ್ನೂ ಒಳಗಿಡುವ ಮುಂಚೆ ಶೇವಂತಾ ಅದನ್ನು ಬೆರಳಿನಲ್ಲಿ ಅಳೆದಳು. ಕೊನೆಗೆ ನಾಲ್ಕು ಬೆರಳು ನುಣುಪು. ಡಾಕ್ಟರು ತಪ್ಪು ತಿಳಿದಾರೆಂದು ಪತ್ರದ ಅಡಿಗೆ ಒಂದೊಂದೇ ಅಕ್ಷರ ಬರೆದಳು: "ಕಡೀ ನಾಕ ಬೆರಳ ನಿದ್ದಿ ಬಂದಿದ್ದಲ್ರಿ. ಗಂಟ ಹಾಕಾಕ ಕೈಯಾಗ ತ್ರಾಣ ಇರ್ಲಿಲ್ಲ."

ಟಪಾಲ ಡಬ್ಬಿಯ ಬಾಯಿ ಸಣ್ಣದು. ದಾರದಿಂದ ಉಬ್ಬಿದ ಲಕೋಟೆ ಅರ್ಧಕ್ಕೇ ಸಿಕ್ಕಿಕೊಂಡಿತು. ಬೀಡಿಯ ತುದಿ ಮಡಚುವ ಹಾಗೆ, ಎರಡೂ ಹೆಬ್ಬೆರಳು ಇಟ್ಟು, ಅದು ಇಳಿಯುವವರೆಗೂ ಮೆಲ್ಲಗೆ ಒತ್ತುತ್ತ ನಿಂತಳು.